ತಾನೇ ಆರಿ ತಾನೇ ಹೊತ್ತುವ ಗಣಕಯಂತ್ರ

ಹತ್ತು ಹನ್ನೆರಡು ವರ್ಷಗಳ ಕಾಲ ಮನೆಯ ಮೂಲೆಯ ಮೇಜಿನ ಮೇಲೆ ನಿರುಪದ್ರವಿಯಾಗಿ ದುಡಿದ ಗಣಕಯಂತ್ರವೊಂದು, ಮನೆಯಾತನು ಪತ್ರವನ್ನು ಅರ್ಧ ಬರೆದಿರುವಾಗಲೋ ಮಕ್ಕಳು ಚಲನಚಿತ್ರ ನೋಡುತ್ತಿರುವಾಗಲೋ, ಯಾವ ಸೂಚನೆಯನ್ನೂ ಕೊಡದೆ ತೆರೆಯನ್ನು ಕಪ್ಪಾಗಿಸಿ, ಕ್ಷಣಕಾಲದ ತರುವಾಯ ಏನೂ ನಡೆಯಲಿಲ್ಲವೆಂಬಂತೆ ಮೊದಲಿನಿಂದ ಆರಂಭಗೊಂಡರೆ, ಮನೆಯವರಲ್ಲಿ ಮೂಡುವ ಮೊದಲ ಶಂಕೆ ‘ವೈರಸ್’ ಎಂಬುದು. ಅಂಗಡಿಯಾತ ಕೊಡುವ ಮೊದಲ ಸಲಹೆ ‘ಫಾರ್ಮ್ಯಾಟ್ ಮಾಡಿಸಿಬಿಡಿ ಸಾರ್’ ಎಂಬುದು. ಒಂದು ಕಾಲದಲ್ಲಿ ಈ ಶಂಕೆ ನಿರಾಧಾರವೂ ಆಗಿರಲಿಲ್ಲ. 2003ರ ಆಗಸ್ಟ್ ತಿಂಗಳಲ್ಲಿ ಲೋಕವನ್ನೆಲ್ಲ ಹಬ್ಬಿದ ಬ್ಲಾಸ್ಟರ್ ಎಂಬ ಹುಳು, ಮರುವರ್ಷ ಅದರ ಹಿಂದೆಯೇ ಬಂದ ಸಾಸರ್, ಇವೆರಡೂ ವಿಂಡೋಸ್ ಎಕ್ಸ್‌ಪಿ ಯಂತ್ರಗಳನ್ನು ಹೀಗೆಯೇ ಪದೇ ಪದೇ ಕೆಡವುತ್ತಿದ್ದುವು. ಆದರೆ ಅವು ತೆರೆಯ ಮೇಲೆ ಅರುವತ್ತು ಸೆಕೆಂಡಿನ ಗಡುವನ್ನು ಮೂಡಿಸಿ, ಹೇಳಿ ಕೆಡವುತ್ತಿದ್ದುವು. ಹೇಳದೆ ಕೇಳದೆ ಆರುವ ವೃದ್ಧ ಯಂತ್ರದ ವ್ಯಾಧಿಮೂಲವಾದರೋ ಬಹುಮಟ್ಟಿಗೆ ವಿದ್ಯುತ್ತಿನಲ್ಲಿದೆ, ಇಲ್ಲವೆ ಉಷ್ಣದಲ್ಲಿದೆ. ಅದನ್ನು ಹುಡುಕತಕ್ಕವನು ತಂತ್ರಾಂಶಕ್ಕೆ ಕೈಯಿಕ್ಕುವ ಮೊದಲು ‘ಯಾವಾಗ ಆರುತ್ತದೆ’ ಎಂಬ ಒಂದೇ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿಕೊಳ್ಳಬೇಕು.

ತಪ್ಪು ಲೆಕ್ಕ ಮಾಡುವುದಕ್ಕಿಂತ ಲೆಕ್ಕವನ್ನೇ ನಿಲ್ಲಿಸುವುದು ಲೇಸೆಂಬ ವಿವೇಕವನ್ನು ಈ ಯಂತ್ರವನ್ನು ಕಟ್ಟಿದವರು ಅದರಲ್ಲಿ ಮೊದಲೇ ಅಳವಡಿಸಿದ್ದಾರೆ. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಇಳಿಸಿ ಹಂಚುವ ತಗಡಿನ ಡಬ್ಬಿಗೆ ಎಲ್ಲರೂ ಎಸ್‌ಎಂಪಿಎಸ್ ಎನ್ನುತ್ತಾರೆ. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಕ್ರಮದಂತೆ ಈ ಡಬ್ಬಿಯಿಂದ ಮದರ್‌ಬೋರ್ಡಿಗೆ ಹೋಗುವ ಹಲವು ತಂತಿಗಳಲ್ಲಿ ಬೂದುಬಣ್ಣದ್ದೊಂದು, ಯಾವ ಭಾಗಕ್ಕೂ ಶಕ್ತಿಯನ್ನುಣಿಸದೆ, ‘ಎಲ್ಲ ವೋಲ್ಟೇಜೂ ಸರಿಯಾಗಿದೆ’ ಎಂಬ ಸಾಕ್ಷ್ಯವನ್ನು ಮಾತ್ರ ನುಡಿಯುತ್ತಿರುತ್ತದೆ. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರವರೆಗಿನ ಏರಿಳಿತ ಕ್ಷಮ್ಯ. ಅದಕ್ಕಿಂತ ತೀರ ಕೆಳಗಿಳಿಯಿತೆಂದರೆ ಆ ಬೂದುತಂತಿ ತನ್ನ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳುತ್ತದೆ, ಮದರ್‌ಬೋರ್ಡು ಆ ಕ್ಷಣದಲ್ಲೇ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ, ಸಾಕ್ಷ್ಯ ಮರಳಿತೋ ಎಲ್ಲವೂ ಮತ್ತೆ ಮೊದಲಿನಿಂದ. ನಾವು ‘ರೀಸ್ಟಾರ್ಟ್ ಆಯಿತು’ ಎಂದು ಗೊಣಗುವುದು ಅನೇಕ ವೇಳೆ ಇಷ್ಟನ್ನೇ.

ನಮ್ಮ ಊರುಗಳಲ್ಲಿ ಬಹುಸಾಮಾನ್ಯವಾದ ಒಂದು ಸಂಗತಿಯನ್ನು ಇಲ್ಲಿ ಕೊಂಚ ವಿಸ್ತರಿಸಬಹುದು. ಕರೆಂಟು ಹೋದೊಡನೆ ಯುಪಿಎಸ್ ಕೂಗುತ್ತದೆ, ದೀಪ ಉರಿಯುತ್ತದೆ, ಆದರೂ ಗಣಕ ಮಾತ್ರ ಆರಿ ಹೊತ್ತುತ್ತದೆ. ಗೋಡೆಯ ವಿದ್ಯುತ್ತು ತಪ್ಪಿದ ಮೇಲೆ ಯುಪಿಎಸ್ ತನ್ನ ಬ್ಯಾಟರಿಗೆ ಹೊರಳಿಕೊಳ್ಳಲು ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲು ಕಾಲ ಹಿಡಿಯುತ್ತದೆ. ಆ ಬಿರುಕನ್ನು ದಾಟಿಸುವಷ್ಟು ಶಕ್ತಿಯನ್ನು, ಎಂದರೆ ಸಾವಿರದಲ್ಲಿ 16–17 ಪಾಲು ಸೆಕೆಂಡಿಗೆ ಸಾಲುವಷ್ಟನ್ನು, ಹೊಸ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಕೆಪಾಸಿಟರು ಮುಪ್ಪಾದಂತೆ ಈ ಸಂಗ್ರಹ ಕ್ಷೀಣಿಸಿ, ಹಿಂದೆ ಯಾರ ಗಮನಕ್ಕೂ ಬಾರದಿದ್ದ ಆ ಬಿರುಕೇ ಈಗ ಕಂದಕವಾಗುತ್ತದೆ. ಫ್ರಿಜ್ಜಿನ ಕಂಪ್ರೆಸರು ಹೊರಟಾಗ ಅಥವಾ ಮಿಕ್ಸಿ ತಿರುಗಿಸಿದಾಗ ಮಾತ್ರ ಆರುವ ಯಂತ್ರದ ಕಥೆಯೂ ಇದೇ. ಯುಪಿಎಸ್ಸಿನ ಬ್ಯಾಟರಿಯೇ ಸೋತಿರುವುದೂ ಉಂಟು; ಗಣಕವನ್ನು ಒಂದೆರಡು ದಿನ ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಟ್ಟು ನೋಡಿದರೆ ದೋಷ ಯಾರದೆಂಬುದು ತಾನಾಗಿ ತಿಳಿಯುತ್ತದೆ. ಎಸ್‌ಎಂಪಿಎಸ್ಸಿನ ಮೇಲೆ ಅನುಮಾನ ನಿಂತರೆ ಅದನ್ನು ಬದಲಿಸತಕ್ಕದ್ದು, ತೆರೆಯಕೂಡದು: ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಕೆಲಕಾಲ ಅಡಗಿರಬಹುದು. ಕ್ಯಾಬಿನೆಟ್ಟಿನೊಡನೆ ಪುಕ್ಕಟೆ ಬರುವ ಡಬ್ಬಿಯ ಮೇಲೆ ಬರೆದಿರುವ ವ್ಯಾಟುಗಳನ್ನು ನಂಬದಿರುವುದೂ ಲೇಸು.

ಕೆಪಾಸಿಟರುಗಳು ಮದರ್‌ಬೋರ್ಡಿನ ಮೇಲೂ ಇವೆ. ಇವನ್ನಾದರೆ ಕಣ್ಣಾರೆ ಕಾಣಬಹುದು. ಪ್ಲಗ್ಗು ಕಿತ್ತು ಪಕ್ಕದ ತಗಡನ್ನು ಸರಿಸಿ ಟಾರ್ಚು ಬಿಟ್ಟರೆ, ಪ್ರೊಸೆಸರಿನ ಸುತ್ತ ಕಿರುಬೆರಳ ಗಾತ್ರದ ಅಲ್ಯೂಮಿನಿಯಮ್ ಕೊಳವೆಗಳು ಸಾಲಾಗಿ ನಿಂತಿರುತ್ತವೆ. ಅವುಗಳ ನೆತ್ತಿಯ ಮೇಲೆ ಶಿಲುಬೆಯಾಕಾರದ ಸಣ್ಣ ಗೀರು. ಆರೋಗ್ಯವಾಗಿರುವ ಕೊಳವೆಯ ನೆತ್ತಿ ಸಮತಲವಾಗಿದ್ದು, ಕೆಟ್ಟದ್ದರ ನೆತ್ತಿ, ಒಳಗಿನ ಪದಾರ್ಥ ಹುಳಿತ ಡಬ್ಬಿಯ ಮುಚ್ಚಳದಂತೆ ಉಬ್ಬಿಕೊಂಡು, ಕೆಲವೊಮ್ಮೆ ಆ ಗೀರಿನಲ್ಲಿ ಕಂದುಬಣ್ಣದ ಒಣಗಿದ ರಸವನ್ನೂ ತೋರಿಸುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಅಸಂಖ್ಯ ಬೋರ್ಡುಗಳು, ಕೊಳವೆಯೊಳಗಿನ ದ್ರವದ ಮಿಶ್ರಣ ದೋಷಯುಕ್ತವಾಗಿದ್ದುದರಿಂದ, ಅಕಾಲದಲ್ಲಿಯೇ ಹೀಗೆ ಸತ್ತುವು. ಲೋಹದೊಡನೆ ಆ ದ್ರವ ವರ್ತಿಸಿ ಹೈಡ್ರೋಜನ್ ಹುಟ್ಟಿ ಒಳಗಿಂದ ಒತ್ತುತ್ತಿತ್ತು.

ಉಷ್ಣದ ಲಕ್ಷಣವೇ ಬೇರೆ. ಬೆಳಗಿನ ತಂಪಿನಲ್ಲಿ ನೆಟ್ಟಗೆ ನಡೆದು, ಕಾಲು ಗಂಟೆಯ ಮೇಲೆ ಆರಿ, ಕೂಡಲೇ ಮತ್ತೆ ಹೊತ್ತಿಸಿದರೆ ಇನ್ನೂ ಬೇಗ ಆರುವ ಯಂತ್ರ ಕಾಯುತ್ತಿದೆಯೆಂದೇ ತಿಳಿಯಬೇಕು. ಫ್ಯಾನು ತಿರುಗುತ್ತಿದೆಯಲ್ಲಾ ಎಂಬ ಸಮಾಧಾನ ಸಾಲದು. ಫ್ಯಾನಿಗೂ ಅದರ ಕೆಳಗಿನ ಲೋಹದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಾಗಿ ಹೆಣೆದುಕೊಂಡಿದ್ದರೆ ಗಾಳಿ ಹೋಗುವ ದಾರಿಯೇ ಇಲ್ಲ. ಬ್ರಷ್ಷಿನಿಂದಲೋ ಬ್ಲೋಯರಿನಿಂದಲೋ ಅದನ್ನು ತೆಗೆಯುವಾಗ ಫ್ಯಾನಿನ ಎಲೆಗಳು ಸ್ವೇಚ್ಛೆಯಾಗಿ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. 2004ರ ಈಚಿನ ಇಂಟೆಲ್ ಬೋರ್ಡುಗಳಲ್ಲಿ ಈ ಫ್ಯಾನು ನಾಲ್ಕು ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತಿರುವುದರಿಂದ, ಒಂದು ಕಾಲು ಕಳಚಿಕೊಂಡರೂ ಲೋಹ ವಾರೆಯಾಗಿ ಪ್ರೊಸೆಸರಿನ ಮೈಗೆ ಸರಿಯಾಗಿ ತಾಗದೆ ಹೋಗುತ್ತದೆ. ಎತ್ತಿ ಕೂರಿಸುವ ಸಂದರ್ಭ ಬಂದರೆ, ಲೋಹಕ್ಕೂ ಪ್ರೊಸೆಸರಿಗೂ ನಡುವೆ ಒಣಗಿ ಸುಣ್ಣವಾದ ಹಳೆಯ ಪೇಸ್ಟನ್ನು ಒರೆಸಿ ಕಾಳಿನಷ್ಟು ಹೊಸತನ್ನು ಇಟ್ಟರೆ ಸಾಕು. ಧಾರಾಳವಾಗಿ ಬಳಿಯುವುದರಿಂದ ಪುಣ್ಯವೇನೂ ಹೆಚ್ಚದು.

ರ್‍ಯಾಮಿನ ವಿಚಾರ ಸುಲಭ: ಪಟ್ಟಿಯನ್ನು ಕಿತ್ತು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜಿ ಒರೆಸಿ, ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡುವುದು, ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶವನ್ನು ಓಡಿಸಿ ಒಂದೇ ಒಂದು ತಪ್ಪು ಕಂಡರೂ ಆ ಪಟ್ಟಿಯನ್ನು ತ್ಯಜಿಸುವುದು. ಇದರ ಜತೆಗೆ ವಿಂಡೋಸಿನ ಒಂದು ಅತಿಜಾಣತನವನ್ನೂ ನಿಲ್ಲಿಸಬೇಕು. ಒಳಗೆ ಘೋರ ದೋಷ ಸಂಭವಿಸಿದಾಗ ನೀಲಿ ತೆರೆಯ ಮೇಲೆ ಕಾರಣವನ್ನು ಬರೆದು, ನಾವು ಓದುವಷ್ಟರಲ್ಲಿ ಅದನ್ನು ಅಳಿಸಿ ಮರಳಿ ಹೊರಡುವ ಏರ್ಪಾಡು ಅದರಲ್ಲಿ ಹುಟ್ಟಿನಿಂದಲೇ ಇದೆ. ಸಿಸ್ಟಮ್ ಪ್ರಾಪರ್ಟೀಸಿನ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಗುರುತನ್ನು ತೆಗೆದರೆ ಆ ನೀಲಿ ಬರಹ ನಿಲ್ಲುತ್ತದೆ. ಗುರುತು ತೆಗೆದ ಮೇಲೂ ನೀಲಿ ಕಾಣದೆ ಯಂತ್ರ ಆರಿತೆಂದರೆ ಮತ್ತೆ ವಿದ್ಯುತ್ತಿನ ಕಡೆಗೇ ತಿರುಗಬೇಕು.

ಇಷ್ಟೆಲ್ಲ ಆಗಿ ದೋಷ ಮದರ್‌ಬೋರ್ಡಿನದೇ ಎಂದು ತೀರ್ಮಾನವಾದರೆ, ಅಷ್ಟು ಹಳೆಯ ಬೋರ್ಡಿಗಾಗಿ ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳನ್ನು ಅಲೆಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ದೊರೆತರೂ ಅದು ಅಷ್ಟೇ ವಯಸ್ಸಾದ ಇನ್ನೊಂದು ಬೋರ್ಡು. ಹಾರ್ಡ್‌ಡಿಸ್ಕನ್ನು ಮಾತ್ರ ಬಿಚ್ಚಿಕೊಂಡು, ಯುಎಸ್‌ಬಿ ಕೇಸೊಂದರಲ್ಲಿ ಕೂರಿಸಿ, ಮನೆಮಂದಿಯ ಫೋಟೋಗಳನ್ನೂ ಕಾಗದಪತ್ರಗಳನ್ನೂ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಬೇಕು. ಪದೇ ಪದೇ ಆರಿ ಹೊತ್ತಿದ ಡಿಸ್ಕು ಎಷ್ಟು ದಿನ ಬಾಳುವುದೆಂದು ಹೇಳಬರುವುದಿಲ್ಲವಾದ್ದರಿಂದ ಈ ಕೆಲಸವನ್ನು ಮೊದಲ ದಿನವೇ ಮಾಡಿ, ಮಿಕ್ಕ ಪರೀಕ್ಷೆಗಳನ್ನು ಆಮೇಲೆ ನಿಧಾನವಾಗಿ ನಡೆಸಿದರೂ ಅಡ್ಡಿಯಿಲ್ಲ.