ಪೈಪ್ ರೆಂಚು: ದೊಡ್ಡದೊಂದೋ, ಮಧ್ಯಮದ್ದೆರಡೋ?

ಬಾಯಾರು, ಪೆರ್ಲ, ಪಡ್ರೆ, ಶೇಣಿ ಕಡೆಯ ತೋಟದ ಮನೆಗಳಲ್ಲಿ ನೀರಿನ ಪೈಪು ಎಂದರೆ ಬಚ್ಚಲಿನ ನಲ್ಲಿಯಷ್ಟಕ್ಕೇ ಮುಗಿಯುವ ವಿಷಯವಲ್ಲ. ಗುಡ್ಡದ ಮುರಕಲ್ಲು ಕೊರೆದು ಮಾಡಿದ ಸುರಂಗದಿಂದ ಇಳಿದು ಬರುವ ನೀರು, ಅದು ಬಂದು ತುಂಬುವ ಟ್ಯಾಂಕಿ, ಬಾವಿಯ ದಂಡೆಯ ಪಂಪು, ಅಲ್ಲಿಂದ ಅಡಿಕೆ ತೋಟಕ್ಕೆ ಹೋಗುವ ಸ್ಪ್ರಿಂಕ್ಲರ್ ಲೈನು, ಕೊನೆಗೆ ಅಡುಗೆಮನೆ, ಎಲ್ಲವೂ ಒಂದೇ ಮನೆಯವರ ಜವಾಬ್ದಾರಿ. ಇವೆಲ್ಲ ಒಂದೇ ಕಾಲದಲ್ಲಿ ಹಾಕಿಸಿದವೂ ಅಲ್ಲ. ಅಜ್ಜನ ಕಾಲದ ಜಿಐ ಪೈಪು, ಆಮೇಲೆ ಬಂದ ಪಿವಿಸಿ, ಹೊಸ ಬಚ್ಚಲುಕೋಣೆಯ ಗೋಡೆಯೊಳಗೆ ಅಡಗಿದ ಸಿಪಿವಿಸಿ, ಮೂರೂ ಎಲ್ಲೋ ಒಂದು ಸಾಕೆಟ್ಟಿನಲ್ಲಿ ಸಂಧಿಸಿರುತ್ತವೆ. ಡಿಸೆಂಬರಿನಿಂದ ಮೇ ತನಕ ತೋಟಕ್ಕೆ ನೀರು ಬಿಡುವ ದಿನಗಳಲ್ಲಿ ಆ ಸಂಧಿ ಸೋರತೊಡಗಿದರೆ ಪ್ಲಂಬರಿಗಾಗಿ ವಾರಗಟ್ಟಲೆ ಕಾಯುವಂತಿಲ್ಲ. ಹಾಗಾಗಿ ಮನೆಯಲ್ಲೇ ಪೈಪ್ ರೆಂಚು ಇಟ್ಟುಕೊಳ್ಳಬೇಕು ಎನ್ನುವ ಮಾತಿನಲ್ಲಿ ತಪ್ಪಿಲ್ಲ. ತಪ್ಪಾಗುವುದು ಅಂಗಡಿಯಲ್ಲಿ. ‘ಹೇಗೂ ತೆಗೆದುಕೊಳ್ಳುವುದಲ್ಲವೇ, ದೊಡ್ಡದೇ ಇರಲಿ’ ಎಂದು 24 ಇಂಚಿನದನ್ನು ಹೊತ್ತು ತರುವವರಿದ್ದಾರೆ. ಮನೆಗೆ ಬೇಕಾದದ್ದು ಅದಲ್ಲ, 14 ಇಂಚಿನ ಎರಡು ರೆಂಚು ಎಂಬುದು ಈ ಲೇಖನದ ವಾದ.

ಮೊದಲು ಅಳತೆಯ ಗೊಂದಲ ತೀರಿಸಿಕೊಳ್ಳೋಣ. ರೆಂಚಿಗೆ ಹೇಳುವ ಇಂಚು ಅದರ ಉದ್ದದ್ದು, ಬಾಯಿಯದ್ದಲ್ಲ. ಪೈಪಿಗೆ ಹೇಳುವ ಇಂಚು ಹೆಸರಿಗೆ ಮಾತ್ರ. ಅರ್ಧ ಇಂಚಿನ ಜಿಐ ಪೈಪಿನ ಹೊರ ವ್ಯಾಸ 21.3 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿಗೂ ಹೆಚ್ಚು. ಒಂದು ಇಂಚಿನದ್ದು 33.7, ಎರಡು ಇಂಚಿನದ್ದು 60.3 ಮಿಲಿಮೀಟರ್. ರೆಂಚಿನ ಬಾಯಿ ಹಿಡಿಯಬೇಕಾದದ್ದು ಈ ಹೊರ ಅಳತೆಯನ್ನು. 14 ಇಂಚಿನ ಸಾಮಾನ್ಯ ಪೈಪ್ ರೆಂಚಿನ ಬಾಯಿ ಎರಡು ಇಂಚಿನ ಪೈಪಿನವರೆಗೆ ತೆರೆಯುತ್ತದೆ, 18 ಇಂಚಿನದ್ದು ಎರಡೂವರೆವರೆಗೆ, 24ರದ್ದು ಮೂರರವರೆಗೆ. ಮನೆಯೊಳಗೆ ಒಂದು ಇಂಚು ದಾಟಿದ ಪೈಪು ಅಪರೂಪ. ಪಂಪಿನ ಬಳಿ ಒಂದೂಕಾಲೋ ಒಂದೂವರೆಯೋ ಇದ್ದೀತು. ಆದ್ದರಿಂದ ಬಾಯಿ ಸಾಲದು ಎಂಬ ಕಾರಣಕ್ಕೆ ದೊಡ್ಡದನ್ನು ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಉಳಿಯುವುದು ಬಲದ ಪ್ರಶ್ನೆ. ಹಿಡಿಯ ತುದಿಯಲ್ಲಿ 30 ಕಿಲೋ ಭಾರ ಬೀಳುವಂತೆ ಒತ್ತಿದರೆ 35 ಸೆಂಟಿಮೀಟರ್ ಉದ್ದದ 14 ಇಂಚಿನ ರೆಂಚು ಸಂಧಿಯ ಮೇಲೆ ಸುಮಾರು 10 ಕಿಲೋಗ್ರಾಂ-ಮೀಟರ್ ತಿರುಚುಬಲ ಹಾಕುತ್ತದೆ. ಅದೇ ಕೈ, ಅದೇ ಒತ್ತಡಕ್ಕೆ 24 ಇಂಚಿನದ್ದು 18 ಹಾಕುತ್ತದೆ. ಉದ್ದ ಹಿಡಿಯನ್ನು ಬಯಸುವವರು ಇದನ್ನೇ ಅದರ ಗುಣ ಎನ್ನುತ್ತಾರೆ. ಈ ಬಲವನ್ನು ತಾಳಿಕೊಳ್ಳಬೇಕಾದದ್ದು ಯಾವುದು ಎಂದು ನೋಡಿದರೆ ಮಾತ್ರ ಅದು ಗುಣವೋ ದೋಷವೋ ತಿಳಿಯುತ್ತದೆ.

ತಾಳಿಕೊಳ್ಳಬೇಕಾದದ್ದು ಪೈಪಿನ ತ್ರೆಡ್ಡು. ನೀಲಿ ಪಟ್ಟಿಯ, ಅಂದರೆ ಮಧ್ಯಮ ದರ್ಜೆಯ ಅರ್ಧ ಇಂಚಿನ ಜಿಐ ಪೈಪಿನ ದಪ್ಪ 2.6 ಮಿಲಿಮೀಟರ್. ಅದರ ತುದಿಗೆ ಇಂಚಿಗೆ 14ರಂತೆ ತ್ರೆಡ್ಡು ಕೊರೆದಾಗ 1.1 ಮಿಲಿಮೀಟರಿಗೂ ಹೆಚ್ಚು ಆಳದ ಗೀರು ಬೀಳುತ್ತದೆ. ಗೀರಿನ ಬುಡದಲ್ಲಿ ಉಳಿಯುವ ಕಬ್ಬಿಣ ಒಂದೂವರೆ ಮಿಲಿಮೀಟರಿಗೂ ಕಡಿಮೆ. ಕೊರೆಯುವಾಗ ಸತುವಿನ ಲೇಪವೂ ಅಲ್ಲಿ ಹೋಗಿಬಿಟ್ಟಿರುತ್ತದೆ. ಇಷ್ಟು ಹೊಸ ಪೈಪಿನ ಕಥೆ. ಮುರಕಲ್ಲಿನ ನೆಲದ ಬಾವಿ, ಸುರಂಗಗಳ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಕುಡಿಯುವವರ ನಾಲಿಗೆಗೆ ಅದು ಸಿಹಿನೀರೇ, ಸತುವಿಗೂ ಕಬ್ಬಿಣಕ್ಕೂ ಮಾತ್ರ ಹಗೆ. ಇಪ್ಪತ್ತು ಮೂವತ್ತು ವರ್ಷ ಆ ನೀರು ಹರಿದ ಪೈಪು ಹೊರಗೆ ಗಟ್ಟಿಯಾಗಿ ಕಂಡರೂ ಸಾಕೆಟ್ಟಿನ ಅಂಚಿನಲ್ಲಿ, ಮೊದಲ ಗೀರಿನ ಬುಡದಲ್ಲಿ, ಕಾಗದದಷ್ಟು ತೆಳುವಾಗಿರಬಹುದು. ಅಂಥ ಕಡೆ 24 ಇಂಚಿನ ರೆಂಚು ಹಾಕಿ ಮೈಭಾರ ಬಿಟ್ಟರೆ ಸಂಧಿ ಬಿಚ್ಚುವುದಿಲ್ಲ, ಪೈಪು ಮುರಿದು ಅರ್ಧ ತ್ರೆಡ್ಡು ಒಳಗೇ ಉಳಿಯುತ್ತದೆ. ನಲ್ಲಿ ಬದಲಿಸಲು ಹೊರಟವರು ಗೋಡೆ ಒಡೆಯಬೇಕಾಗಿ ಬರುವುದು ಹೀಗೆ. ಗಿಡ್ಡ ಹಿಡಿಯಾದರೆ, ಸಂಧಿ ಜಗ್ಗುತ್ತಿಲ್ಲ ಎಂಬ ಸುದ್ದಿ ಮುರಿಯುವ ಮೊದಲೇ ಕೈಗೆ ತಲುಪುತ್ತದೆ. ರೆಂಚಿನ ಉದ್ದವನ್ನು ನಮ್ಮ ತೋಳಿನ ಶಕ್ತಿ ನೋಡಿ ಅಲ್ಲ, ಲೈನಿನಲ್ಲಿರುವ ಅತಿ ದುರ್ಬಲ ತ್ರೆಡ್ಡನ್ನು ನೋಡಿ ಆರಿಸಬೇಕು ಎನ್ನುವುದು ಇದಕ್ಕಾಗಿ.

ಹಾಗಾದರೆ ಎರಡು ಏಕೆ? ಒಂದೇ ರೆಂಚಿನಿಂದ ನಲ್ಲಿಯನ್ನೋ ವಾಲ್ವನ್ನೋ ತಿರುಗಿಸಿದಾಗ ಆ ಬಲ ಅಲ್ಲಿಗೇ ನಿಲ್ಲುವುದಿಲ್ಲ. ಹಿಂದಿನ ನಿಪ್ಪಲ್ಲು, ಅದರ ಹಿಂದಿನ ಎಲ್ಬೋ, ಗೋಡೆಯೊಳಗಿನ ಟೀ, ಎಲ್ಲವೂ ತಿರುಚಿಕೊಳ್ಳುತ್ತವೆ. ನಾವು ನೋಡಿಯೇ ಇರದ ಯಾವುದೋ ಸಂಧಿ ಸಡಿಲವಾಗಿ ಮರುದಿನ ಗೋಡೆ ಒದ್ದೆಯಾಗುತ್ತದೆ. ಇನ್ನೊಂದು ರೆಂಚಿನಿಂದ ಪೈಪನ್ನು ಅಲುಗದಂತೆ ಹಿಡಿದು, ಮೊದಲನೆಯದರಿಂದ ತಿರುಗಿಸಿದರೆ ಬಲವೆಲ್ಲ ನಮಗೆ ಬೇಕಾದ ಆ ಒಂದು ಸಂಧಿಯಲ್ಲೇ ಮುಗಿಯುತ್ತದೆ. ಎರಡರ ಬಾಯಿಯೂ ಎದುರುಬದುರಾಗಿರಬೇಕು, ಏಕೆಂದರೆ ಪೈಪ್ ರೆಂಚು ಒಂದೇ ದಿಕ್ಕಿಗೆ ಕಚ್ಚುತ್ತದೆ. ಅಮೆರಿಕದ ಮಸಾಚುಸೆಟ್ಸ್‌ನ ವಾಲ್ವರ್ತ್ ಕಂಪನಿಯಲ್ಲಿ ಕೆಲಸಕ್ಕಿದ್ದ ಡೇನಿಯಲ್ ಸ್ಟಿಲ್ಸನ್ 1869ರಲ್ಲಿ ಪೇಟೆಂಟ್ ಪಡೆದ ರೆಂಚಿನ ಜಾಣ್ಮೆ ಇರುವುದೇ ಇಲ್ಲಿ. ಮೇಲಿನ ಕೊಕ್ಕೆ ದವಡೆಯನ್ನು ಬಿಗಿಯಾಗಿ ಕೂರಿಸದೆ ಸ್ವಲ್ಪ ಓಲಾಡಲು ಬಿಟ್ಟಿದ್ದಾರೆ. ಹಿಡಿಯನ್ನು ಬಾಯಿ ತೆರೆದ ದಿಕ್ಕಿಗೆ ಎಳೆದಷ್ಟೂ ದವಡೆ ಓರೆಯಾಗಿ ಹಲ್ಲು ಇನ್ನಷ್ಟು ಕಚ್ಚುತ್ತದೆ. ಹಾಗೆ ಓರೆಯಾಗಲು ಜಾಗ ಬೇಕು. ಕೊಕ್ಕೆಯ ಒಳಬೆನ್ನಿಗೂ ಪೈಪಿಗೂ ನಡುವೆ ಕಿರುಬೆರಳಿನಷ್ಟು ಸಂದು ಬಿಡದೆ ತುಂಬ ಒಳಗೆ ತುರುಕಿದರೆ ರೆಂಚು ಜಾರುತ್ತದೆ. ಜಾರಿದಾಗ ನಾವು ರೆಂಚು ಸಣ್ಣದಾಯಿತು ಎಂದುಕೊಂಡು ದೊಡ್ಡದನ್ನು ಹುಡುಕುತ್ತೇವೆ.

ಇದಕ್ಕೆ ಒಪ್ಪದವರು ಹೇಳುವ ಮಾತು ಗೊತ್ತಿರುವುದೇ: ದೊಡ್ಡದಿದ್ದರೆ ಸಣ್ಣದರ ಕೆಲಸವೂ ಆಗುತ್ತದೆ, ಸಣ್ಣದರಲ್ಲಿ ದೊಡ್ಡದರ ಕೆಲಸ ಆಗುವುದಿಲ್ಲ. ಅಂಗಳದಲ್ಲಿ ನಿಂತು ಹೇಳುವಾಗ ಇದು ಸರಿಯೇ. ಸಿಂಕಿನ ಕೆಳಗೆ, ಪಂಪಿನ ಗೂಡಿನೊಳಗೆ, ಗೋಡೆಗೆ ಎರಡಿಂಚು ದೂರದಲ್ಲಿರುವ ಪೈಪಿನ ಬಳಿ 60 ಸೆಂಟಿಮೀಟರಿನ ಹಿಡಿ ತಿರುಗಲು ಜಾಗವೇ ಇರುವುದಿಲ್ಲ. ತೂಕವೂ ಲೆಕ್ಕಕ್ಕೆ ಬರುತ್ತದೆ. 14 ಇಂಚಿನ ಎರಡು ಸೇರಿ ಮೂರು ಕಿಲೋ ಸುಮಾರಿಗೆ ಬಂದರೆ, ಕಬ್ಬಿಣದ 24 ಇಂಚಿನ ಒಂದೇ ನಾಲ್ಕು ಕಿಲೋ ಮೀರುತ್ತದೆ. ಇನ್ನು, ಜಗ್ಗದ ಸಂಧಿಗೆ ಏನು ಮಾಡುವುದು ಎಂಬ ಪ್ರಶ್ನೆ. ಅದಕ್ಕೆ ಬೇಕಾದದ್ದು ತಾಳ್ಮೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು, ಸಾಕೆಟ್ಟಿನ ಸುತ್ತ ಸುತ್ತಿಗೆಯಿಂದ ಹಗುರಾಗಿ ಬಡಿಯುವುದು, ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿದು ನೋಡುವುದು. ಇಷ್ಟಕ್ಕೂ ಜಗ್ಗದಿದ್ದರೆ ಆ ಪೈಪನ್ನು ಗರಗಸದಿಂದ ಕೊಯ್ದು ನಡುವೆ ಒಂದು ಯೂನಿಯನ್ ಹಾಕುವುದೇ ಅಗ್ಗ. ಹಿಡಿಗೆ ಜಿಐ ಪೈಪಿನ ತುಂಡು ಸಿಕ್ಕಿಸಿ ಉದ್ದ ಮಾಡಿಕೊಳ್ಳುವ ಉಪಾಯವನ್ನಂತೂ ಮರೆತುಬಿಡುವುದು ಒಳ್ಳೆಯದು. ಹಿಡಿ ಮುರಿದರೆ ಏಟು ಬೀಳುವುದು ಮುಖಕ್ಕೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಈಗ ಎಲ್ಲ ಪ್ಲಾಸ್ಟಿಕ್, ಅಂಟು ಹಚ್ಚಿದರೆ ಆಯಿತು, ರೆಂಚೇ ಯಾಕೆ? ಅರ್ಧ ನಿಜ. ಪಿವಿಸಿ ಲೈನಿನಲ್ಲೂ ವಾಲ್ವು, ಪಂಪು, ಟ್ಯಾಂಕಿಯ ಬಳಿ ತ್ರೆಡ್ಡಿನ ಅಡಾಪ್ಟರುಗಳು ಇದ್ದೇ ಇರುತ್ತವೆ, ಮತ್ತು ಉದ್ದ ರೆಂಚು ಅತಿ ಹೆಚ್ಚು ಹಾನಿ ಮಾಡುವುದು ಅಲ್ಲೇ. ಪೈಪಿನ ತ್ರೆಡ್ಡು 16ಕ್ಕೆ 1ರಂತೆ ಮೊನಚಾಗುತ್ತ ಹೋಗುವುದರಿಂದ, ಪ್ಲಾಸ್ಟಿಕ್ಕಿನ ಒಳತ್ರೆಡ್ಡಿಗೆ ಕಬ್ಬಿಣದ ನಿಪ್ಪಲ್ಲನ್ನು ಬಿಗಿದಷ್ಟೂ ಅದು ಬೆಣೆಯಾಗಿ ಒಳಗಿನಿಂದ ಸೀಳುತ್ತದೆ. ಸೀಳು ಅಂದೇ ಕಾಣಬೇಕೆಂದಿಲ್ಲ, ಪಂಪು ಹಾಕಿ ಒತ್ತಡ ಏರಿದ ಮೇಲೆ ಕಾಣುತ್ತದೆ. ಹೊರತ್ರೆಡ್ಡು ಪ್ಲಾಸ್ಟಿಕ್ಕಿನದ್ದು, ಒಳತ್ರೆಡ್ಡು ಲೋಹದ್ದು ಆಗುವಂತೆ ಜೋಡಿಸಿ, ಟೆಫ್ಲಾನ್ ಟೇಪು ಸುತ್ತಿ, ಕೈಯಲ್ಲಿ ಬಿಗಿದ ಮೇಲೆ ಒಂದೆರಡು ಸುತ್ತು ಸಾಕು. ಅದಕ್ಕೆ ಹಲ್ಲಿಲ್ಲದ ಬೆಲ್ಟಿನ ರೆಂಚು ಒಳ್ಳೆಯದು. ಹಿತ್ತಾಳೆಯ, ಕ್ರೋಮಿನ ನಲ್ಲಿಗಳಿಗೂ ಪೈಪ್ ರೆಂಚಿನ ಹಲ್ಲು ತಾಗಿಸಬಾರದು. ಅಲ್ಲಿ ಚಪ್ಪಟೆ ಬಾಯಿಯ ಸ್ಕ್ರೂ ಸ್ಪ್ಯಾನರ್ ಬೇಕು.

ದೊಡ್ಡ ರೆಂಚು ಬೇಕಾಗುವ ಕೆಲಸವೇ ಇಲ್ಲವೆಂದಲ್ಲ. ಕೊಳವೆಬಾವಿಯಿಂದ ಜಿಐ ಪೈಪಿನ ಸರಣಿಯನ್ನು ಮೇಲೆತ್ತಿ ಒಂದೊಂದೇ ಬಿಚ್ಚುವಾಗ 24, 36 ಇಂಚಿನವೇ ಬೇಕು. ಕ್ಲ್ಯಾಂಪು, ಚೈನ್‌ಪುಲ್ಲಿ, ನಾಲ್ಕು ಜನ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಿದರೆ ಪಂಪು ಬಾವಿಯ ತಳ ಸೇರುತ್ತದೆ. ಅದು ಆ ತಂಡದವರ ಕೆಲಸ, ರೆಂಚನ್ನು ಅವರೇ ತರುತ್ತಾರೆ. ತೋಟಕ್ಕೆ ಎರಡು ಇಂಚಿನ ಜಿಐ ಲೈನು ಇರುವವರು ಜೋಡಿಯಲ್ಲಿ ಒಂದನ್ನು 18 ಇಂಚಿನದಾಗಿ ಕೊಳ್ಳಲಿ, ಅದಕ್ಕಿಂತ ಮೇಲೆ ಹೋಗಬೇಕಾಗಿಲ್ಲ.

ಬದಿಯಡ್ಕದಲ್ಲೋ ಉಪ್ಪಳದಲ್ಲೋ ಅಂಗಡಿಯ ಮುಂದೆ ನಿಂತಾಗ ಹಲವರು ದವಡೆ ಅಲುಗಾಡುವುದನ್ನು ನೋಡಿ ‘ಇದು ಲೂಸು, ಬೇರೆ ಕೊಡಿ’ ಎನ್ನುತ್ತಾರೆ. ಹಿಂದೆ ಹೇಳಿದಂತೆ ಆ ಓಲಾಟವೇ ಅದರ ಜೀವ. ಒತ್ತಿ ಬಿಟ್ಟಾಗ ಸ್ಪ್ರಿಂಗು ದವಡೆಯನ್ನು ಮರಳಿ ತರುತ್ತದೆಯೇ, ತಿರುಗಿಸುವ ಚಕ್ರ ತಡೆಯಿಲ್ಲದೆ ಕೊನೆತನಕ ಓಡುತ್ತದೆಯೇ, ಎರಡೂ ದವಡೆಯ ಹಲ್ಲು ಚೂಪಾಗಿ ನೇರವಾಗಿವೆಯೇ ಎಂದು ನೋಡಬೇಕು. ಪೈಪ್ ರೆಂಚಿಗೆ ಭಾರತೀಯ ಮಾನಕ ಐಎಸ್ 4003. ಆ ಸಂಖ್ಯೆ ಮೈಮೇಲೆ ಇದ್ದರೆ ಒಳ್ಳೆಯದು. ಹಿಡಿಗೆ ಬಳಿದ ಕೆಂಪು ಬಣ್ಣದ ಹೊಳಪಿನಿಂದ ಏನೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಜೂನ್ ಹಿಡಿದರೆ ನಾಲ್ಕು ತಿಂಗಳು ಗೋಡೆಯೇ ಒಣಗದ ಕಾಲ, ಆದ್ದರಿಂದ ಮಳೆಗೆ ಮುಂಚೆ ಹಲ್ಲಿನ ಸಂದಿನ ಕೊಳೆಯನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ಚಕ್ರಕ್ಕೂ ಸ್ಪ್ರಿಂಗಿಗೂ ಮೆಶಿನ್ ಎಣ್ಣೆ ಬಿಟ್ಟು, ಎರಡನ್ನೂ ಪಂಪಿನ ಗೂಡಿನಲ್ಲಿ ಬಿಡದೆ ಮನೆಯೊಳಗೆ ತಂದಿಡಬೇಕು.