ಸಂತೆ, ಅಂಗಡಿ ಮತ್ತು ಬೀದಿ

ಅರ್ಕಾವತಿ ನದಿಯ ದಡದಲ್ಲಿರುವ ಕನಕಪುರವು ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿದೆ. ಹಿಂದೆ ಇದಕ್ಕೆ ಕಾನಕಾನಹಳ್ಳಿ ಎಂಬ ಹೆಸರಿದ್ದಿತು. ಸುತ್ತಲಿನ ಹಳ್ಳಿಗಳಲ್ಲಿ ರಾಗಿಯ ಬೇಸಾಯದೊಡನೆ ರೇಷ್ಮೆ ಕೃಷಿಯೂ ಬಹುಕಾಲದಿಂದ ನಡೆದುಬಂದಿದೆ. ಗೂಡು ಮಾರಿ ಹಣ ಪಡೆದ ರೈತನು ಬರಿಗೈಯಲ್ಲಿ ಊರಿಗೆ ಹಿಂದಿರುಗುವುದಿಲ್ಲ. ಮನೆಗೆ ಬೇಳೆ, ಮಕ್ಕಳಿಗೆ ಬಟ್ಟೆ, ಹೊಲಕ್ಕೆ ಗೊಬ್ಬರ ಇವೆಲ್ಲವನ್ನೂ ಪೇಟೆಯಲ್ಲಿ ಕೊಳ್ಳುತ್ತಾನೆ. ಹಳ್ಳಿಯ ಹಣವು ಪಟ್ಟಣದ ವ್ಯಾಪಾರಕ್ಕೆ ಜೀವ ತುಂಬುವುದು ಹೀಗೆ.

ವಾರದ ಸಂತೆಯೂ ಬೀದಿಬದಿಯ ವ್ಯಾಪಾರವೂ ಅಂಗಡಿಗಳಿಗೆ ಉಪಕಾರಿಯೋ, ಅಪಕಾರಿಯೋ? ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಿಲ್ಲ. ಸೊಪ್ಪು ತರಕಾರಿಗಾಗಿ ಬಂದವರು ಪಾತ್ರೆಯಂಗಡಿಗೂ ಹೋಗುತ್ತಾರೆ. ಹೋಟೆಲಿನಲ್ಲಿ ಕಾಫಿಯನ್ನೂ ಕುಡಿಯುತ್ತಾರೆ. ಆದರೆ ಅಂಗಡಿಯ ಮುಂದೆಯೇ ಅದೇ ಬಗೆಯ ಬಟ್ಟೆಯನ್ನು ತಳ್ಳುಗಾಡಿಯಲ್ಲಿ ಮಾರಿದರೆ ಅಂಗಡಿಕಾರನಿಗೆ ನಷ್ಟವಾಗುವುದು ಸಹಜ. ಬಾಡಿಗೆ, ವಿದ್ಯುತ್ತಿನ ಶುಲ್ಕ, ಪರವಾನಗಿಯ ಹಣ ಇವುಗಳ ಹೊರೆ ಅವನ ಮೇಲಿರುತ್ತದೆ. ಇತ್ತ ಬೀದಿಯ ವ್ಯಾಪಾರಿಗೆ ಅಂದಿನ ಮಾರಾಟವೇ ಅಂದಿನ ಅನ್ನ. ಇಬ್ಬರ ಅಳಲೂ ನಿಜವಾದುದೇ.

ಈ ಇಬ್ಬರ ನಡುವೆ ಮೂರನೆಯದಾಗಿ ವಾಹನವು ಬಂದು ನಿಂತಿದೆ. ಹಿಂದೆ ಸಂತೆಗೆ ಬಂದವರು ಎತ್ತಿನ ಗಾಡಿಗಳನ್ನು ತೋಪಿನಲ್ಲಿ ಬಿಟ್ಟು ನಡೆದು ಬರುತ್ತಿದ್ದರು. ಇಂದು ಬೈಕು, ಕಾರುಗಳು ಅಂಗಡಿಯ ಬಾಗಿಲಿನವರೆಗೂ ಬರುತ್ತವೆ. ಒಂದು ಕಾರಿನ ನಿಲುಗಡೆಗೆ ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಆ ಜಾಗದಲ್ಲಿ ಒಂದೇ ಕಾರು ಬೆಳಗಿನಿಂದ ಸಂಜೆಯವರೆಗೆ ಎಂಟು ಗಂಟೆ ನಿಂತರೆ ಒಬ್ಬನಿಗಷ್ಟೇ ಅನುಕೂಲ. ಪ್ರತಿಯೊಂದು ವಾಹನವೂ ಅರ್ಧ ಗಂಟೆ ಮಾತ್ರ ನಿಲ್ಲುವಂತಾದರೆ ಅದೇ ಜಾಗವು ಹದಿನಾರು ಮಂದಿ ಗಿರಾಕಿಗಳಿಗೆ ಒದಗುತ್ತದೆ. ಅಂಗಡಿಯವರು ತಮ್ಮ ವಾಹನವನ್ನೇ ದಿನವಿಡೀ ಅಂಗಡಿಯ ಮುಂದೆ ನಿಲ್ಲಿಸಿದರೆ ತಮ್ಮ ಗಿರಾಕಿಯ ಜಾಗವನ್ನು ತಾವೇ ಕಸಿದುಕೊಂಡಂತಾಗುತ್ತದೆ.

ವಾಹನಕ್ಕೆ ಜಾಗವಿಲ್ಲದಿದ್ದರೆ ವ್ಯಾಪಾರವೇ ಇಲ್ಲವೆಂದು ವರ್ತಕರು ಭಾವಿಸುವುದುಂಟು. ಕೆನಡಾ ದೇಶದ ಟೊರಾಂಟೊ ನಗರದ ಬ್ಲೂರ್ ಬೀದಿಯನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೊಂದು ಸಂಗತಿಯನ್ನು ತೋರಿಸಿತು. ವರ್ತಕರು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಗಿರಾಕಿಗಳು ಕಾರಿನಲ್ಲಿ ಬರುತ್ತಿದ್ದರು. ಹೆಚ್ಚಿನವರು ನಡೆದೋ, ಸೈಕಲ್ಲಿನಲ್ಲೋ, ಸಾರ್ವಜನಿಕ ವಾಹನದಲ್ಲೋ ಬರುತ್ತಿದ್ದರು. ಆದರೆ ಒಂದು ಊರಿನ ಅನುಭವವು ಇನ್ನೊಂದಕ್ಕೆ ಹಾಗೆಯೇ ಹೊಂದಲಾರದು. ಗೊಬ್ಬರದ ಮೂಟೆಯನ್ನು ಕೊಂಡ ರೈತನಿಗೆ ವಾಹನವು ಹತ್ತಿರವಿರಲೇಬೇಕು. ಆದ್ದರಿಂದ ಯಾರು, ಹೇಗೆ, ಏತಕ್ಕಾಗಿ ಪೇಟೆಗೆ ಬರುತ್ತಾರೆಂಬುದನ್ನು ಆಯಾ ಊರಿನಲ್ಲಿಯೇ ಎಣಿಸಿ ನೋಡುವುದು ಉಚಿತ.

ಬೀದಿಯ ಮೇಲಿನ ಹಕ್ಕನ್ನು ಕುರಿತು ನ್ಯಾಯಾಲಯವೂ ವಿಚಾರ ಮಾಡಿದೆ. ಬೀದಿ ವ್ಯಾಪಾರವು ಸಂವಿಧಾನವು ನೀಡಿರುವ ಉದ್ಯೋಗ ಸ್ವಾತಂತ್ರ್ಯಕ್ಕೆ ಸೇರಿದುದು, ಆದರೆ ಅದು ಸೂಕ್ತ ನಿರ್ಬಂಧಗಳಿಗೆ ಒಳಪಟ್ಟಿದೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. 2014ರಲ್ಲಿ ಕೇಂದ್ರ ಸರ್ಕಾರವು ಬೀದಿ ವ್ಯಾಪಾರಿಗಳ ಕಾಯಿದೆಯನ್ನು ಜಾರಿಗೆ ತಂದಿತು. ಇದರಂತೆ ಪ್ರತಿ ಪಟ್ಟಣದಲ್ಲಿಯೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ವ್ಯಾಪಾರದ ವಲಯಗಳನ್ನು ಗುರುತಿಸಬೇಕು. ಇದಕ್ಕಾಗಿ ರಚಿಸುವ ಪಟ್ಟಣ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡ 40ಕ್ಕೆ ಕಡಿಮೆ ಇರಕೂಡದು.

ಸರಕು ಇಳಿಸಲು ನಿಗದಿತ ವೇಳೆ, ಗಿರಾಕಿಗಳ ವಾಹನಕ್ಕೆ ಅಲ್ಪಾವಧಿಯ ನಿಲುಗಡೆ, ದಿನವಿಡೀ ನಿಲ್ಲುವ ವಾಹನಗಳಿಗೆ ಪೇಟೆಯ ಅಂಚಿನಲ್ಲಿ ಬಯಲು, ತಳ್ಳುಗಾಡಿಗಳಿಗೆ ಗುರುತಿಸಿದ ಸ್ಥಳ, ನಡೆಯುವವರಿಗೆ ತೆರವಾದ ಕಾಲುದಾರಿ ಇಷ್ಟು ಏರ್ಪಟ್ಟರೆ ಕಲಹವು ಬಹುಮಟ್ಟಿಗೆ ತಗ್ಗುತ್ತದೆ. ಬೀದಿಯು ಅಳತೆಯುಳ್ಳ ವಸ್ತು, ಅದನ್ನು ಹಿಗ್ಗಿಸಲಾಗದು. ಅದನ್ನು ಹಂಚಿಕೊಳ್ಳುವ ಬಗೆಯನ್ನು ಅರಿತ ಊರಿನಲ್ಲಿ ಸಂತೆಯೂ ಉಳಿಯುತ್ತದೆ, ಅಂಗಡಿಯೂ ಬಾಳುತ್ತದೆ.