ಹದಿನಾಲ್ಕು ದಿನ ಕಡಲು, ಹದಿನಾಲ್ಕು ದಿನ ಮನೆ

ಹುಡುಗನು ತೈಲದ ಇಂಜಿನಿಯರನೆಂದು ಕೇಳಿದೊಡನೆ ಹೆಣ್ಣಿನ ಮನೆಯವರು ವಿಚಾರಿಸುವುದು ಸಂಬಳವನ್ನು. ಅದಕ್ಕಾಗಿ ಸಂಸಾರವು ಏನನ್ನು ತೆರಬೇಕಾದೀತೆಂದು ಕೇಳುವವರು ವಿರಳ. ತೈಲವು ಊರುಕೇರಿಗಳನ್ನು ನೋಡಿ ಹುದುಗಿಕೊಂಡಿಲ್ಲ. ಅಸ್ಸಾಮಿನ ಮಳೆಸೀಮೆಯಾಗಲಿ, ಬಾರ್ಮೇರಿನ ಮರುಭೂಮಿಯಾಗಲಿ, ನಡುಗಡಲಾಗಲಿ, ಅದಿದ್ದಲ್ಲಿಗೆ ಮನುಷ್ಯನೇ ಹೋಗಬೇಕು.

ಮುಂಬಯಿಗೆ ಪಶ್ಚಿಮದಲ್ಲಿ, ಸುಮಾರು 160 ಕಿಲೋಮೀಟರ್ ದೂರದ ಅರಬ್ಬೀ ಸಮುದ್ರದಲ್ಲಿರುವ ಬಾಂಬೆ ಹೈ ಕ್ಷೇತ್ರವನ್ನೇ ನೋಡೋಣ. 1974ರಲ್ಲಿ ‘ಸಾಗರ ಸಮ್ರಾಟ್’ ನೌಕೆಯಿಂದ ಕೊರೆದಾಗ ಅಲ್ಲಿ ತೈಲ ದೊರೆಯಿತು; 1976ರಲ್ಲಿ ಉತ್ಪಾದನೆ ಮೊದಲಾಯಿತು. ಕಡಲತಳದಲ್ಲಿ ಉಕ್ಕಿನ ಕಾಲೂರಿ ನಿಂತ ಅಟ್ಟಣೆಗಳ ಮೇಲೆ ಹಗಲಿರುಳೂ ಕೆಲಸ ಸಾಗುತ್ತದೆ. ಸಾಮಾನ್ಯವಾಗಿ 14 ದಿನ ಅಲ್ಲಿ, 14 ದಿನ ಮನೆಯಲ್ಲಿ. ಅಲ್ಲಿರುವಾಗ ದಿನಕ್ಕೆ 12 ಗಂಟೆಗಳ ಪಾಳಿ. ಪ್ರಯಾಣ ಹೆಲಿಕಾಪ್ಟರಿನಲ್ಲಿ. ಅದು ನೀರಿಗೆ ಬಿದ್ದು ಮಗುಚಿಕೊಂಡರೆ ಹೊರಬರುವುದು ಹೇಗೆಂಬುದನ್ನು ಕೊಳದಲ್ಲಿ ಮುಳುಗಿಸಿಯೇ ಕಲಿಸುತ್ತಾರೆ. ಮಳೆಗಾಲದಲ್ಲಿ ಹವೆ ಕೆಟ್ಟರೆ ಮನೆಗೆ ಮರಳುವ ದಿನವೂ ಮುಂದಕ್ಕೆ ಹೋಗುತ್ತದೆ.

ಇತ್ತ ಮಗುವಿನ ಜ್ವರವಾಗಲಿ, ಅತ್ತೆಯವರ ಆಸ್ಪತ್ರೆಯಾಗಲಿ ಸರದಿಯನ್ನು ಕೇಳಿ ಬರುವುದಿಲ್ಲ. ಗೃಹಿಣಿ ಒಬ್ಬಳೇ ನಿಭಾಯಿಸುತ್ತಾಳೆ. ಮನೆಗೆ ಅವಳದೇ ಒಂದು ಕ್ರಮ ಏರ್ಪಡುತ್ತದೆ. ಹದಿನೈದನೆಯ ದಿನ ಯಜಮಾನನು ಬಂದು ಎಲ್ಲವನ್ನೂ ತಿದ್ದತೊಡಗಿದರೆ ಜಗಳ. ಅತಿಥಿಯಂತೆ ಕುಳಿತರೆ ಮಕ್ಕಳಿಗೆ ಪರಕೀಯ. ಆದರೂ ಈ ಬಾಳಿಗೆ ಒಂದು ಸೊಗಸುಂಟು. ಮುಂಜಾನೆಯ ಲೋಕಲ್ ಹಿಡಿದು ರಾತ್ರಿ ಮರಳುವ ನೌಕರನಿಗೆ ದೊರೆಯದ 14 ಇಡೀ ದಿನಗಳು ಇವನಿಗೆ ದೊರೆಯುತ್ತವೆ. ಮಗುವನ್ನು ಶಾಲೆಗೆ ಬಿಡುವ, ಅದರ ಪಾಠ ಕೇಳುವ ಬಿಡುವುಂಟು.

ಭಯವನ್ನು ಮಾತ್ರ ಲೆಕ್ಕದಿಂದ ಬಿಡುವಂತಿಲ್ಲ. 2005ರ ಜುಲೈ 27ರಂದು, ಗಾಯಗೊಂಡವನೊಬ್ಬನನ್ನು ಸಾಗಿಸಲು ಬಂದ ಹಡಗು ಅಟ್ಟಣೆಯ ಕೊಳವೆಗೆ ತಾಗಿ ಬೆಂಕಿಯೆದ್ದಿತು. 22 ಮಂದಿ ಮಡಿದರು. ಹಿಂದಿನ ದಿನವಷ್ಟೇ ಮಹಾಮಳೆಗೆ ಮುಂಬಯಿ ಮುಳುಗಿತ್ತು. ಆ ನೀರಿನ ನಡುವೆ ಸುದ್ದಿಗಾಗಿ ಕಾದ ಮನೆಗಳ ಸಂಕಟ ಎಷ್ಟಿದ್ದಿರಬೇಕು!

ಆದ್ದರಿಂದ, ಸಂಬಂಧ ನೋಡುವ ಹಿರಿಯರು ಸಂಬಳದ ಜೊತೆಗೆ ಇನ್ನೊಂದನ್ನು ಕೇಳುವುದು ಲೇಸು: ತಿಂಗಳಲ್ಲಿ ಅರ್ಧ ಕಾಲ ಮನೆಯ ಹೊಣೆ ಹೊರುವವಳಿಗೆ ಹಣದ ಮೇಲೆ, ನಿರ್ಧಾರದ ಮೇಲೆ ಪೂರ್ಣ ಅಧಿಕಾರವುಂಟೆ? ಬ್ಯಾಂಕಿನ ಖಾತೆ, ವಿಮೆಯ ಪತ್ರ ಅವಳ ಕೈಗೆ ಸಿಗುತ್ತವೆಯೆ? ಹೆಣ್ಣುಮಕ್ಕಳೂ ಈ ವೃತ್ತಿಗೆ ಕಾಲಿಟ್ಟಿರುವ ಈ ಕಾಲದಲ್ಲಿ, ಹಿಂದೆ ಉಳಿಯುವ ಗಂಡನಿಗೂ ಇದೇ ಮಾತು ಸಲ್ಲುತ್ತದೆ.